ಎರಡು ಕೋಟಿಯ ಖಜಾನೆ, ಒಡೆದ ಏರಿ

1811ರ ಕೊನೆಗೆ ಪೂರ್ಣಯ್ಯನವರು ದಿವಾನಗಿರಿ ಬಿಟ್ಟಾಗ ಮೈಸೂರಿನ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿತ್ತು. ಹನ್ನೆರಡು ವರ್ಷದ ಹಿಂದೆ ರಾಜಧಾನಿಯೇ ಸೂರೆಹೋಗಿದ್ದ ರಾಜ್ಯವದು. ಹಾಗಾಗಿ ಈ ಎರಡು ಕೋಟಿಯನ್ನು ಅವರ ಆಡಳಿತದ ಜಾಣ್ಮೆಗೆ ಮೊದಲ ಸಾಕ್ಷಿಯಾಗಿ ಹೇಳುವುದು ವಾಡಿಕೆ. ನನಗೆ ಆ ಹಣವೇ ಅವರ ಆಡಳಿತದ ದೊಡ್ಡ ತಪ್ಪು ಎನಿಸುತ್ತದೆ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ತಕರಾರಿಲ್ಲ. ದುಡಿಮೆಯ ಬಗ್ಗೆ ಮೊದಲೇ ಇಲ್ಲ. ಯುದ್ಧದಲ್ಲಿ ನೆಲಕಚ್ಚಿದ ಸೀಮೆಯೊಂದರಲ್ಲಿ ಸರ್ಕಾರದ ಹಣ ಪೆಟ್ಟಿಗೆಯಲ್ಲಿದ್ದರೆ ಹೆಚ್ಚು ಭದ್ರವೋ, ಕೆರೆಯ ಏರಿಯಲ್ಲಿದ್ದರೆ ಹೆಚ್ಚು ಭದ್ರವೋ ಎಂಬುದಷ್ಟೇ ನನ್ನ ಪ್ರಶ್ನೆ. ಇದನ್ನು ಕೇಳಲು ಇವತ್ತಿನ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಬಂದವರು ಮತ್ತೆ ಮತ್ತೆ ಈ ಊರುಗಳ ಮೇಲೆಯೇ ಹಾದುಹೋಗಿದ್ದಾರೆ.

1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಕನಕಪುರದ ಕಡೆಯಿಂದ ಇಳಿದು ಬಂದ. ದಾರಿಯುದ್ದಕ್ಕೂ ಮೇವು, ದವಸ ಸಿಗದಂತೆ ಟಿಪ್ಪು ಸುಡಿಸಿದ್ದ. ಅರಕೆರೆಯ ಹತ್ತಿರ ಕಾಳಗವಾಯಿತು. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಕಾರ್ನ್‌ವಾಲಿಸ್ ತನ್ನ ಕೋಟೆ ಒಡೆಯುವ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಹೈದರ್ ಮತ್ತೆ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು ಅದೇ ವರ್ಷ ಕೆಡವಿಸಿದ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯ ಮಳವಳ್ಳಿಯಲ್ಲಿ ಟಿಪ್ಪುವನ್ನು ಸೋಲಿಸಿತು. ಮಳವಳ್ಳಿ ಟಿಪ್ಪುವಿಗೆ ತಂದೆಯಿಂದ ಬಂದ ಜಹಗೀರು, ಅಲ್ಲಿ ಅವನೇ ಹಾಕಿಸಿದ ಹಣ್ಣಿನ ತೋಟವಿತ್ತು. ಸೋತ ಮೇಲೆ ಶತ್ರುವಿಗೆ ಆಸರೆಯಾಗಬಾರದೆಂದು ಆ ಊರನ್ನೂ ಹಾಳುಗೆಡವಿಸಿದ. ಹ್ಯಾರಿಸ್ ಸೋಸಲೆಯಲ್ಲಿ ಕಾವೇರಿ ದಾಟಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಒಂದೇ ಸೀಮೆ ಬೆಂದಿತು. ಸುಟ್ಟವರು ಯಾವ ಕಡೆಯವರಾದರೂ ಬಣವೆ ಮಾತ್ರ ರೈತನದೇ.

ಮರುವರ್ಷದ ಮೇ ತಿಂಗಳಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣ, ಮದ್ದೂರು, ಮಂಡ್ಯದ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಒಪ್ಪಿಸಿದ್ದ ಕೆಲಸವೇ ಗೆದ್ದ ನಾಡಿನಲ್ಲಿ ಏನಿದೆ, ಏನು ಬೆಳೆಯುತ್ತದೆ ಎಂದು ನೋಡಿ ಬರೆಯುವುದು. ಟಿಪ್ಪುವಿನ ಕಾಲದಲ್ಲಿ ಲಕ್ಷಕ್ಕೂ ಮೀರಿ ಜನರಿದ್ದರೆಂದು ಹೇಳಲಾಗುವ ರಾಜಧಾನಿಯಲ್ಲಿ ಅವನ ಲೆಕ್ಕಕ್ಕೆ ಸಿಕ್ಕವರು ಸುಮಾರು 32 ಸಾವಿರ ಮಂದಿ. ದಾರಿಯಲ್ಲಿ ಅವನು ಕಂಡ ಪಾಳುಬಿದ್ದ ಹೊಲಗಳ ಅರ್ಥ ಈ ಸಂಖ್ಯೆಯ ಜೊತೆಗಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಮಂಡ್ಯ ಸೀಮೆಯ ಅಕ್ಕಿ, ಬೆಲ್ಲ, ತುಪ್ಪ, ಹುರುಳಿ ಕೊಳ್ಳುತ್ತಿದ್ದ ಅಷ್ಟು ದೊಡ್ಡ ಪೇಟೆಯೊಂದು ಒಮ್ಮೆಲೇ ಕುಗ್ಗಿಹೋಗಿತ್ತು.

ಮೈಸೂರು ಹೆಸರಿಗೆ ವಸಾಹತು ಆಗಲಿಲ್ಲ. ಗೆದ್ದ ಇಂಗ್ಲಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಟಿಪ್ಪುವಿನ ಮಂತ್ರಿಯೇ ಆಗಿದ್ದ ಪೂರ್ಣಯ್ಯನವರಿಗೆ ಆಡಳಿತ ಒಪ್ಪಿಸಿದರು. ಆದರೆ ಹಣದ ದಾರಿ ನೋಡಿದರೆ ವಸಾಹತೇ. 1799ರ ಒಪ್ಪಂದದ ಪ್ರಕಾರ ಪ್ರತಿವರ್ಷ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಪೊಗದಿಯನ್ನು ಕಂಪನಿಗೆ ಕೊಡಬೇಕು. ಕಂಪನಿ ಯುದ್ಧಕ್ಕೆ ಹೊರಟರೆ ಅದಕ್ಕೆ ಬೇರೆ ಕೊಡಬೇಕು. ಹಣ ನಿಂತೀತೆಂಬ ಅನುಮಾನ ಬಂದರೂ ಸಾಕು, ಆಡಳಿತವನ್ನೇ ಕಂಪನಿ ಕೈಗೆ ತೆಗೆದುಕೊಳ್ಳಬಹುದು. 1807ರಲ್ಲಿ ಇದರ ಮೇಲೆ ನಾಲ್ಕು ಸಾವಿರ ಕುದುರೆ ಸವಾರರನ್ನು ಸದಾ ಸಾಕಿಟ್ಟಿರಬೇಕೆಂಬ ಕರಾರೂ ಬಂತು. ಪೊಗದಿಯ ಒಂದು ಪಾಲು ಮೈಸೂರಿನಲ್ಲೇ ಬಿಡಾರ ಹೂಡಿದ ದಂಡಿಗೆ ಖರ್ಚಾಗಿ ಇಲ್ಲಿನ ಸಂತೆಗೆ ತಿರುಗಿ ಬರುತ್ತಿತ್ತು ಎನ್ನುವುದೂ ನಿಜವೇ. ಹಾಗಿದ್ದರೂ ಪೂರ್ಣಯ್ಯನವರ ಹನ್ನೆರಡು ವರ್ಷದಲ್ಲಿ ಪೊಗದಿಯ ಮೊತ್ತ ಮೂರು ಕೋಟಿಯ ಹತ್ತಿರಕ್ಕೆ ಬರುತ್ತದೆ. ಮೂರು ಕೋಟಿ ಕಂಪನಿಗೆ, ಎರಡು ಕೋಟಿ ಪೆಟ್ಟಿಗೆಗೆ. ಉಳಿದದ್ದರಲ್ಲಿ ಅರಮನೆ, ಸೈನ್ಯ, ಸಂಬಳ, ದೇವಸ್ಥಾನ, ಛತ್ರ, ರಸ್ತೆ, ಕೆರೆ.

ಪೂರ್ಣಯ್ಯನವರು ಶುರುಮಾಡಿದ ರೀತಿ ಮಾತ್ರ ಮೆಚ್ಚುವಂಥದ್ದು. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟಂತೆ, ಅವರು ಮೊದಲು ಮಾಡಿದ್ದು ಕಂದಾಯದ ಹಳೆಯ ಬಾಕಿಯನ್ನೆಲ್ಲ ಷರತ್ತಿಲ್ಲದೆ ಬಿಟ್ಟುಕೊಟ್ಟದ್ದು, ಹಿಂದಿನ ಕಾಲದ ಕಂದಾಯದ ದರಕ್ಕೆ ಮರಳಿದ್ದು. ಯುದ್ಧ ಮುಗಿದ ಕೂಡಲೇ ಗುದ್ದಲಿಪೂಜೆಗೆ ಓಡುವವರು ಇದನ್ನು ಗಮನಿಸಬೇಕು. ಓಡಿಹೋದ ಒಕ್ಕಲು ಹಿಂದಿರುಗದೆ ಏರಿಗೆ ಮಣ್ಣು ಹೊರುವವರಾದರೂ ಯಾರು? ಎತ್ತುಗಳನ್ನು ಎರಡೂ ಕಡೆಯ ದಂಡು ಎಳೆದೊಯ್ದಿತ್ತು. ಉಳುವುದಕ್ಕೇ ಎತ್ತಿಲ್ಲದ ಊರಿನಲ್ಲಿ ಸರ್ಕಾರ ಕಲ್ಲು ಸಾಗಿಸಲು ಗಾಡಿ ಕೇಳಿದರೆ ಅದು ಎರಡನೆಯ ಸೂರೆ. ಹಾಗಾಗಿ ಮೊದಲ ಒಂದೆರಡು ವರ್ಷ ಸರ್ಕಾರ ಕೈ ಬಿಗಿಹಿಡಿದು, ವಸೂಲಿಯನ್ನು ಸಡಿಲಿಸಿದ್ದರೆ ಅದೇ ದೊಡ್ಡ ಖರ್ಚು. ಬಿಟ್ಟುಕೊಟ್ಟ ಕಂದಾಯವೂ ಸರ್ಕಾರ ಹೂಡಿದ ಬಂಡವಾಳವೇ.

ಆಮೇಲೆ ಕೆರೆ. ಈ ಮೂರು ತಾಲ್ಲೂಕುಗಳ ಭೂಮಿಯ ಏರಿಳಿತ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕಾವೇರಿ ಪಕ್ಕದಲ್ಲೇ ಹರಿದರೂ ಅದರ ನೀರು ಮಂಡ್ಯದ ಮೇಲ್ಮಟ್ಟದ ನೆಲಕ್ಕೆ ಹತ್ತುತ್ತಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ನಾಲೆಗಳು ನೀರುಣಿಸಿದ್ದು ಶ್ರೀರಂಗಪಟ್ಟಣದ ಸುತ್ತಿನ, ಹೊಳೆಗೆ ತಾಗಿದ ಗದ್ದೆಗಳಿಗೆ. ಮದ್ದೂರಿಗೆ ಶಿಂಷಾ ಹೊಳೆಯ ಆಸರೆ ಇತ್ತು. ಉಳಿದಂತೆ ಎಲ್ಲವೂ ಮಳೆಯ ನೀರು ತಡೆದು ನಿಲ್ಲಿಸಿದ ಕೆರೆ, ಕಟ್ಟೆ. ಒಂದರ ಕೋಡಿ ಹರಿದು ಮುಂದಿನದಕ್ಕೆ, ಅದರ ಕೋಡಿ ಅದರ ಮುಂದಿನದಕ್ಕೆ. ಈ ಸರಪಳಿಯಲ್ಲಿ ಮೇಲಿನ ಒಂದು ಏರಿ ಒಡೆದರೆ ಕೆಳಗಿನವೂ ಉಳಿಯುವುದಿಲ್ಲ. ಒಂದೇ ರಾತ್ರಿಯ ನೀರಿನ ಹೊಡೆತಕ್ಕೆ ಸಾಲಾಗಿ ಹೋಗುತ್ತವೆ. ಹಾಗೆಯೇ ಮೇಲಿನದನ್ನು ಕಟ್ಟಿಕೊಟ್ಟರೆ ಕೆಳಗಿನ ಐದಾರು ಊರಿಗೆ ಧೈರ್ಯ ಬರುತ್ತದೆ. ಹೊಸ ಕೆರೆಗೆ ಜಾಗ ಹುಡುಕಬೇಕು, ಊರು ಎಬ್ಬಿಸಬೇಕು, ತಲೆಮಾರು ಕಾಯಬೇಕು. ಒಡೆದ ಕೆರೆಯ ಏರಿಯಲ್ಲಿ ಮುಕ್ಕಾಲು ಪಾಲು ಹಾಗೇ ನಿಂತಿರುತ್ತದೆ. ಬಿರುಕನ್ನು ಮುಚ್ಚಿ ತೂಬು ಕೂರಿಸಿದರೆ ಮುಂದಿನ ಮುಂಗಾರಿಗೇ ತರಿ ಬೆಳೆ. ಸರ್ಕಾರಕ್ಕೆ ಇಷ್ಟು ಬೇಗ ಹಿಂದಿರುಗುವ ಖರ್ಚು ಇನ್ನೊಂದಿಲ್ಲ.

ತೊಣ್ಣೂರು ಕೆರೆಯ ಕಥೆ ಇದಕ್ಕೆ ಹೊಂದುತ್ತದೆ. ಟಿಪ್ಪು ಅದರ ಏರಿ ಒಡೆಸಿದ್ದ. ಶತ್ರುವಿಗೆ ನೀರು ಸಿಗಬಾರದೆಂದು ಎನ್ನುವವರಿದ್ದಾರೆ, ಬೇರೆ ಕಾರಣ ಕೊಡುವವರೂ ಇದ್ದಾರೆ. ಪೂರ್ಣಯ್ಯನವರ ಆಡಳಿತ ಅದನ್ನು ಮತ್ತೆ ಕಟ್ಟಿಸಿತು. ಇಂದಿಗೂ ಪಾಂಡವಪುರದ ಕಡೆ ಹೋದವರು ಆ ನೀರು ನೋಡುತ್ತಾರೆ. ಯುದ್ಧದಲ್ಲಿ ಹಾಳಾದುದನ್ನು ಯುದ್ಧದ ಮೊದಲಿನ ಸ್ಥಿತಿಗೆ ತರುವ ಇಂಥ ಕೆಲಸದಲ್ಲಿ ಹೆಸರು ಕೆತ್ತಿಸಿಕೊಳ್ಳಲು ಜಾಗವಿರುವುದಿಲ್ಲ. ಸರ್ಕಾರಗಳಿಗೆ ದುರಸ್ತಿಯ ಬಗ್ಗೆ ಇರುವ ಬೇಸರಕ್ಕೆ ಅರ್ಧ ಕಾರಣ ಇದೇ ಇರಬೇಕು.

ಹೆಸರು ಕೆತ್ತಿಸುವ ಕೆಲಸವೂ ನಡೆಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ 1804ಕ್ಕೆ ಮುಗಿದ ಕಲ್ಲಿನ ಸೇತುವೆಗೆ ಇಟ್ಟದ್ದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಅದರ ಕಟ್ಟಡ ಅಪ್ಪಟ ನಮ್ಮದು: ಬಂಡೆಯಲ್ಲಿ ನೆಟ್ಟ ಕಲ್ಲುಕಂಬ, ಮೇಲೆ ಬೋದಿಗೆ, ಅದರ ಮೇಲೆ ಹಾಸುಗಲ್ಲು. ದೇವಸ್ಥಾನದ ಮಂಟಪ ಕಟ್ಟುವ ಕೈಗಳೇ ಹೊಳೆಗಿಳಿದು ಕಟ್ಟಿದಂತಿದೆ. ಎಷ್ಟೋ ಪ್ರವಾಹ ತಡೆದುಕೊಂಡಿದೆ, ಒಪ್ಪೋಣ. ಆದರೆ ಅದು ಯಾವ ಅವಸರಕ್ಕೆ ಬೇಕಾಗಿತ್ತು ಎಂಬುದನ್ನೂ ನೋಡಬೇಕು. 1803ರಲ್ಲಿ ಗವರ್ನರ್ ಜನರಲನ ತಮ್ಮ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೊರಟಾಗ ಮೈಸೂರಿನಿಂದ ಕುದುರೆ, ಎತ್ತು, ದವಸ ಒದಗಿಸಿದವರು ಪೂರ್ಣಯ್ಯನವರು. ಒಂದು ಯುದ್ಧದ ಗಾಯ ಮಾಯುವ ಮೊದಲೇ ಇನ್ನೊಂದರ ಸಾಮಾನು ಇದೇ ರಸ್ತೆಗಳ ಮೇಲೆ ಉರುಳಿತು. ರಸ್ತೆ, ಸೇತುವೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆಲ್ಲದ ಗಾಡಿಯೂ ಅದರ ಮೇಲೇ ಹೋಗುತ್ತದೆ. ಖರ್ಚಿನ ಸರದಿಯನ್ನು ಗೊತ್ತುಮಾಡಿದವರು ಯಾರು ಎಂಬುದೇ ಪ್ರಶ್ನೆ. ತೋಪು ಎಳೆಯುವವನಿಗೆ ಬೇಕಾದದ್ದು ಮೊದಲು, ತೂಬು ಎತ್ತುವವನಿಗೆ ಬೇಕಾದದ್ದು ಆಮೇಲೆ ಎಂಬ ಸರದಿ ವಸಾಹತಿನ ಗುರುತು. (2023ರ ಮಾರ್ಚಿನಲ್ಲಿ ಮದ್ದೂರಿನ ಹತ್ತಿರ ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಗೆ 8,480 ಕೋಟಿ ರೂಪಾಯಿ ಖರ್ಚಾಗಿದೆ. ಅದರ ಮೇಲೆ ಹೋಗುವವರು ಮದ್ದೂರು, ಮಂಡ್ಯಗಳನ್ನು ಬದಿಗೆ ಬಿಟ್ಟು ಹೋಗುತ್ತಾರೆ. ಮದ್ದೂರಿನ ವಡೆ ಅಂಗಡಿಯವರನ್ನು ಕೇಳಿದರೆ ಉಳಿದದ್ದನ್ನು ಹೇಳುತ್ತಾರೆ. ಇವತ್ತು ಯಾವ ವೆಲ್ಲೆಸ್ಲಿಯೂ ಇಲ್ಲ ಎನ್ನುವುದು ಸಮಾಧಾನವೋ ಅಲ್ಲವೋ.)

ಈಗ ಆ ಎರಡು ಕೋಟಿಗೆ ಬರೋಣ. ಪೂರ್ಣಯ್ಯನವರ ಪರವಾಗಿ ಹೇಳಬಹುದಾದ ಗಟ್ಟಿ ಮಾತೆಂದರೆ ಒಪ್ಪಂದದ ಆ ಕರಾರು. ಪೊಗದಿ ತಪ್ಪಿದರೆ ರಾಜ್ಯವೇ ಹೋಗುತ್ತದೆ. ವರ್ಷಕ್ಕೆ 24.5 ಲಕ್ಷದಂತೆ ಎರಡು ಕೋಟಿಯೆಂದರೆ ಎಂಟು ವರ್ಷದ ಪೊಗದಿ. ಎಂಟು ವರ್ಷ ಬರ ಬಿದ್ದರೂ ಕಂಪನಿಗೆ ನೆಪ ಸಿಗದ ಹಾಗೆ ಅವರು ಗೋಡೆ ಕಟ್ಟಿದ್ದರು. ಮಗು ರಾಜ, ಮೇಲೆ ರೆಸಿಡೆಂಟ್, ಸುತ್ತ ಹೊಂಚುಹಾಕುವವರು; ಇಂಥ ಸ್ಥಿತಿಯಲ್ಲಿ ಯಾರೇ ಆಗಲಿ ಹಾಗೇ ಯೋಚಿಸುತ್ತಿದ್ದರು. ಆದರೂ ಈ ವಾದದಲ್ಲಿ ಒಂದು ತೂತಿದೆ. ಪೆಟ್ಟಿಗೆಯ ಹಣವನ್ನು ಉಳಿಸಿದವನು ಹೋದ ಮೇಲೆ ಅದರ ಕೀಲಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಾಗೇ ಆಯಿತು. ಮುಮ್ಮಡಿಯವರ ಕಾಲದಲ್ಲಿ ಆ ಹಣ ಕರಗಿತು. 1830ರಲ್ಲಿ ಮಲೆನಾಡಿನ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದೇ ಕರಾರನ್ನು ಮುಂದೆ ಹಿಡಿದು ಆಡಳಿತವನ್ನು ಕಿತ್ತುಕೊಂಡ. ಯಾವ ಆಪತ್ತಿಗಾಗಿ ಹಣ ಕೂಡಿಟ್ಟಿದ್ದರೋ ಆ ಆಪತ್ತು ಇಪ್ಪತ್ತೇ ವರ್ಷದಲ್ಲಿ ಬಂತು, ಬಂದಾಗ ಹಣವಿರಲಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಂದಾಯ ನಾಣ್ಯದಲ್ಲಿ ಬರಬೇಕು. ರೈತನಿಗೆ ನಾಣ್ಯ ಸಿಗುವುದು ದವಸ ಮಾರಿದಾಗ. ಕೊಳ್ಳುವ ದೊಡ್ಡ ಪೇಟೆ ಶ್ರೀರಂಗಪಟ್ಟಣ ಮೊದಲೇ ಕುಗ್ಗಿತ್ತು. 1809ರಿಂದ ಇಂಗ್ಲಿಷರ ದಂಡೂ ಬೆಂಗಳೂರಿಗೆ ಹೊರಟಿತು. ಇತ್ತ ಸರ್ಕಾರ ವಸೂಲಾದ ನಾಣ್ಯವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದೆ. ಮಾರಲು ಬಂದ ರಾಗಿಯ ಎದುರಿಗೆ ಕೊಳ್ಳುವ ಹಣವೇ ಸಂತೆಯಲ್ಲಿ ಕಡಿಮೆಯಾದರೆ ಬೆಲೆ ಇಳಿಯದೆ ಏನಾಗುತ್ತದೆ? ಬೆಲೆ ಇಳಿದಾಗ ಅದೇ ದರದ ಕಂದಾಯ ಹೆಚ್ಚು ಪಲ್ಲ ದವಸಕ್ಕೆ ಸಮನಾಗುತ್ತದೆ. ದರ ಏರಿಸದೆಯೇ ಹೊರೆ ಏರುವುದು ಹೀಗೆ. ಅದೇ ಹಣವನ್ನು ಮಳವಳ್ಳಿಯ, ಮದ್ದೂರಿನ ಏರಿಗಳ ಮೇಲೆ ಕೂಲಿಯಾಗಿ ಕೊಟ್ಟಿದ್ದರೆ? ಮಣ್ಣು ಹೊತ್ತ ಒಡ್ಡರವನು ಶನಿವಾರದ ಸಂತೆಯಲ್ಲಿ ರಾಗಿ ಕೊಳ್ಳುತ್ತಿದ್ದ, ರಾಗಿ ಮಾರಿದವನು ಕಂದಾಯ ಕಟ್ಟುತ್ತಿದ್ದ, ಹಣ ಸುತ್ತಿ ಬಂದು ಮತ್ತೆ ಖಜಾನೆ ಸೇರುತ್ತಿತ್ತು; ನಡುವೆ ಒಂದು ಕೆರೆ ಉಳಿದುಕೊಳ್ಳುತ್ತಿತ್ತು. ಇದಕ್ಕೊಂದು ಷರತ್ತಿದೆ: ಕೂಲಿ ಕೊಡಬೇಕು. ಬಿಟ್ಟಿಯಲ್ಲಿ ದುಡಿಸಿಕೊಂಡರೆ ಕೆರೆಯೇನೋ ಆದೀತು, ಊರು ಎದ್ದು ನಿಲ್ಲುವುದಿಲ್ಲ. ಹಳೆಯ ಕಾಲದ ಕಾಮಗಾರಿಗಳನ್ನು ಹೊಗಳುವವರು ಕಲ್ಲು ಎಣಿಸುತ್ತಾರೆ, ಕೂಲಿ ಎಣಿಸುವುದಿಲ್ಲ.

ಏರಿಗೆ ಹಾಕಿದ ಹಣವೂ ಕೊಚ್ಚಿಹೋಗಬಹುದಲ್ಲ ಎಂದು ಕೇಳಬಹುದು. ಖಂಡಿತ ಹೋಗುತ್ತದೆ, ನೋಡಿಕೊಳ್ಳುವವರು ಇಲ್ಲದಿದ್ದರೆ. ನಮ್ಮ ಹಿಂದಿನವರು ಇದನ್ನು ತಿಳಿದೇ ಕೆರೆ ಕಟ್ಟಿಸಿದವನಿಗೆ ಕೊಡಗೆ ಭೂಮಿಯನ್ನೂ ಅದರ ದುರಸ್ತಿಗೆ ಬಿತ್ತುವಟ್ಟವನ್ನೂ ಬಿಡುತ್ತಿದ್ದರು; ಶಾಸನಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ತೂಬು ಎತ್ತಿ ಇಳಿಸಲು ನೀರುಗಂಟಿ ಇದ್ದ, ಅವನಿಗೆ ಕಣದಲ್ಲಿ ಪಾಲಿತ್ತು. ದುರಸ್ತಿಯ ಖರ್ಚು ಕೆರೆಯ ಕೆಳಗಿನ ಗದ್ದೆಯಲ್ಲೇ ಹುಟ್ಟುತ್ತಿತ್ತು, ಹುಟ್ಟಿದಲ್ಲೇ ಸಲ್ಲುತ್ತಿತ್ತು. ಪೊಗದಿಗಾಗಿ ಒಂದೊಂದು ಕಾಸನ್ನೂ ರಾಜಧಾನಿಗೆ ಎಳೆದುಕೊಳ್ಳುವ ಆಡಳಿತದಲ್ಲಿ ಈ ಏರ್ಪಾಡು ಸೊರಗಿತು. ಮುಂದೆ, 1831ರ ನಂತರದ ಕಮಿಷನರರ ಆಳ್ವಿಕೆಯಲ್ಲಿ ಮರಾಮತ್ತು ಇಲಾಖೆ ಬಂತು, 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, 27,269 ಚದರ ಮೈಲಿಯ ಮೈಸೂರಿನಲ್ಲಿ ಸುಮಾರು ನೂರಕ್ಕೆ ಅರವತ್ತು ಭಾಗವನ್ನು ಇಲ್ಲಿಯ ಜನ ತಮ್ಮ ದುಡಿಮೆಯಿಂದಲೇ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆಂದು ಬೆರಗಾಗಿ ದಾಖಲಿಸಿದ. ಬೆರಗಾದ ಸರ್ಕಾರದ ಕೈಯಲ್ಲೇ 1876–78ರ ಭೀಕರ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿಯಿತು. ಬರದ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲು ದಾರಿ ಮದ್ದೂರು, ಮಂಡ್ಯ ಹಾದು 1882ರಲ್ಲಿ ಮೈಸೂರು ಮುಟ್ಟಿತು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಸಾರ್ವಜನಿಕ ಕಾಮಗಾರಿಯ ಇನ್ನೆರಡು ಬಗೆ ನೋಡಲು ಸಿಗುತ್ತವೆ. ರೆಸಿಡೆನ್ಸಿಯ ನೌಕರನಾಗಿದ್ದ ರಾಮಸ್ವಾಮಿ ಮೊದಲಿಯಾರ್ 1830ರ ಸುಮಾರಿಗೆ ಅಲ್ಲಿಯ ಸೇತುವೆಗಳನ್ನು ಕಟ್ಟಿಸಿ ಬದಲಿಗೆ ಜಹಗೀರು ಪಡೆದ. ಸರ್ಕಾರ ಕಾಸು ಬಿಚ್ಚದೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟು ಕೆಲಸ ಮಾಡಿಸಿಕೊಂಡದ್ದು ಇದು. ಎರಡನೆಯದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು 1902ರಲ್ಲಿ ಚಾಲೂ ಆದ ವಿದ್ಯುತ್ ಕೇಂದ್ರ. ತೊಂಬತ್ತೆರಡು ಮೈಲಿ ತಂತಿ ಎಳೆದು ವಿದ್ಯುತ್ತನ್ನು ಕೊಂಡೊಯ್ದದ್ದು ಕೋಲಾರದ ಇಂಗ್ಲಿಷ್ ಕಂಪನಿಗಳ ಚಿನ್ನದ ಗಣಿಗೆ. ರಾಜ್ಯಕ್ಕೆ ಆದಾಯ ಬಂತು, ಅದನ್ನು ಅಲ್ಲಗಳೆಯಲಾರೆ. ನೀರು ಧುಮುಕಿದ ತಾಲ್ಲೂಕಿನ ಮನೆಗಳಲ್ಲಿ ಮಾತ್ರ ಬಹುಕಾಲ ಬುಡ್ಡಿದೀಪವೇ ಉರಿಯಿತು.

ಕಡೆಗೂ ಈ ಸೀಮೆಯ ಹೆಸರಿನಲ್ಲಿ ನಿಜವಾದ ದೊಡ್ಡ ಖರ್ಚು ಆದದ್ದು ಇನ್ನೊಂದು ಯುದ್ಧದ, ಮೊದಲ ಮಹಾಯುದ್ಧದ, ನಂತರ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆಗೆ 1911ರಲ್ಲಿ ಮೊದಲ ಹಂತಕ್ಕಾಗಿ 81 ಲಕ್ಷ ಮಂಜೂರಾಗಿತ್ತು. ಪೂರ್ಣ ಅಂದಾಜು ಎರಡೂವರೆ ಕೋಟಿ. ಯುದ್ಧ ಶುರುವಾದಾಗ ಇದೇ ಮೈಸೂರು ಬ್ರಿಟಿಷ್ ಸರ್ಕಾರಕ್ಕೆ 50 ಲಕ್ಷ ಕಾಣಿಕೆ ಕೊಟ್ಟಿತು. ಕಾವೇರಿ ನೀರಿನ ಬಗೆಗಿನ ಮದ್ರಾಸಿನ ತಕರಾರು ಮುಗಿದು 1924ರ ಒಪ್ಪಂದವಾದ ಮೇಲೆ, 1927ರಿಂದ ಆ ಕಟ್ಟೆಯಿಂದ ಹೊರಡುವ ಇರ್ವಿನ್ ನಾಲೆಯ ಕೆಲಸ ನಡೆಯಿತು. ಹುಲಿಕೆರೆಯ ಹತ್ತಿರ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ನೀರು ದಾಟಿಸಿದರು. ಆಗ ಕಾವೇರಿ ಮೊದಲ ಸಲ ಮಂಡ್ಯದ ಮೇಲ್ಮಟ್ಟದ ನೆಲ ಹತ್ತಿತು. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಜಗತ್ತಿನಲ್ಲೆಲ್ಲ ಬೆಲೆ ಕುಸಿದು ಕೆಲಸ ನಿಂತ ವರ್ಷಗಳಲ್ಲೇ ಇಲ್ಲಿ ನಾಲೆ ಅಗೆಯುವ ಕೂಲಿ ಸಿಕ್ಕಿತು. ಪೂರ್ಣಯ್ಯನವರ ಎರಡು ಕೋಟಿ ಮಾಡಬಹುದಾಗಿದ್ದ ಕೆಲಸ ಯಾವ ಬಗೆಯದೆಂದು ತಿಳಿಯಲು ಇದು ಸಾಕು.

ಆದರೆ ನಾಲೆ ಬಂದ ಕೂಡಲೇ ಸರ್ಕಾರ ರೈತರ ಮುಂದೆ ಕೈಚಾಚಿತು. ಖುಷ್ಕಿ ಹೋಗಿ ತರಿಯಾಗುವ ಜಮೀನಿಗೆ ಎಕರೆಗಿಷ್ಟು ಎಂದು ವಂತಿಗೆ ಕೇಳಿತು. ಯಾವ ವರ್ಷ ಯಾವ ಬೆಳೆ ಇಡಬೇಕೆಂಬ ಬ್ಲಾಕ್ ಪದ್ಧತಿಯನ್ನೂ ತಂದಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ರೈತರು ಇದರ ವಿರುದ್ಧ ಎದ್ದರು. ಲಾಭ ಪಡೆದವರು ಖರ್ಚಿನಲ್ಲಿ ಪಾಲು ಕೊಡಲೇಬೇಕಲ್ಲವೇ ಎಂದು ಸರ್ಕಾರದ ವಾದ. ಪುಸ್ತಕದ ಲೆಕ್ಕಕ್ಕೆ ಅದು ಸರಿಯೇ. ಪೊಗದಿಯ ಲೆಕ್ಕ ಪಕ್ಕಕ್ಕಿಟ್ಟು ನೋಡಿದರೆ ಬೇರೆಯಾಗಿ ಕಾಣುತ್ತದೆ. 1799ರಿಂದ 1896ರವರೆಗೆ ವರ್ಷಕ್ಕೆ 24.5 ಲಕ್ಷ; ಆಮೇಲೆ 35 ಲಕ್ಷ; ಹತ್ತೂವರೆ ಲಕ್ಷದ ಆ ಏರಿಕೆಯನ್ನು ಬಿಟ್ಟುಕೊಟ್ಟದ್ದು 1920ರ ದಶಕದ ಕೊನೆಯಲ್ಲಿ, ನಾಲೆಯ ಕೆಲಸ ಹಿಡಿದ ಹೊತ್ತಿಗೆ. ಕೂಡಿದರೆ ಮೂವತ್ತು ಕೋಟಿಗೂ ಮೀರಿ ರಾಜ್ಯದ ಖಜಾನೆಯಿಂದ ಹೊರಗೆ ಹೋಗಿತ್ತು. ಹನ್ನೆರಡು ಕನ್ನಂಬಾಡಿಗಳ ಹಣವದು. ಆ ಮೊತ್ತದಲ್ಲಿ ಮದ್ದೂರು, ಮಳವಳ್ಳಿಯ ಒಣ ಹೊಲಗಳ ಕಂದಾಯವೂ ಸೇರಿತ್ತು, ಒಂದು ಹನಿ ನಾಲೆ ನೀರು ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲಿನಿಂದ. ವಂತಿಗೆ ಕೇಳಿದ ಸರ್ಕಾರಕ್ಕೆ ರೈತರು ಈ ಲೆಕ್ಕವನ್ನು ಒಪ್ಪಿಸಬಹುದಿತ್ತು. ನಾಲೆಯ ಕೊನೆಭಾಗದಲ್ಲಿರುವ ಮಳವಳ್ಳಿ, ಮದ್ದೂರಿನ ಹಳ್ಳಿಗಳವರು ಬೇಸಿಗೆಯ ಕಟ್ಟುನೀರಿಗಾಗಿ ಇಂದಿಗೂ ಕಚೇರಿಯ ಮುಂದೆ ಕೂರುವಾಗ, ಅವರ ಮನವಿಯ ಜೊತೆಗೆ ಅದನ್ನು ಲಗತ್ತಿಸುವುದಕ್ಕೆ ಈಗಲೂ ಅಡ್ಡಿಯೇನಿಲ್ಲ.